ಅಪ್ಪನ ಗಂಟಲಲ್ಲಿ ನಿಂತ ಮುದ್ದೆ

"ಯಾನಮ್ಮಿ ರೂಪ, ನನ್ ತಮ್ಮ ಇಂಗ್ ಬಡಕಲಾಗೋಗವ್ನಲ್ಲ! ಇವ್ರು ಗಂಜಿ ಬುಟ್ರೆ ಬ್ಯಾರೆ ಕೊಡಕಿಲ್ವಾ?"

ಗುಂಡ್ಲುಪೇಟೆಯ ಆರೈಕೆ ಕೇಂದ್ರಕ್ಕೆ ಕಾಲಿಟ್ಟದ್ದೇ ನಮ್ಮ ಸೋದರತ್ತೆ ಶಿವರುದ್ರಮ್ಮ ಶುರು ಹಚ್ಚಿಕೊಂಡರು. ಲಕ್ವ ಹೊಡೆದ ಮೇಲೆ ನಮ್ಮಪ್ಪ ಚಿಕ್ಕಮಲ್ಲಪ್ಪ ಅಲ್ಲೇ ಇದ್ದಾರೆ. ಎಡಗೈ ಏಳಲ್ಲ, ಮಾತು ತೊದಲು. ಅತ್ತೆ ಚಂದಕವಾಡಿಯಿಂದ ಡಬ್ಬಿ ತುಂಬ ಮುದ್ದೆ, ಬಸ್ಸಾರು ಹೊತ್ತು ತಂದಿದ್ದರು.

"ನರ್ಸನ್ನ ಒಂದ್ಮಾತು ಕೇಳನ ಅತ್ತೆ," ಅಂದೆ.

"ಕೇಳೋದ್ಯಾನ? ಮುದ್ದೆಲೇ ಬೆಳ್ದ ಗಂಟ್ಲು ಕಣಮ್ಮಿ. ಅಗಿಯಂಗಿಲ್ಲ, ನುಂಗ್ಬುಟ್ರೆ ಆಯ್ತು!"

ಮಲಗಿದ್ದ ಅಪ್ಪನ ಬಾಯಿಗೆ ತುತ್ತು ಇಟ್ಟೇ ಬಿಟ್ಟರು. ಅಪ್ಪನ ಕಣ್ಣು ಅರಳಿತು. ಎರಡನೇ ತುತ್ತಿಗೆ ಅದೇ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಕೆಮ್ಮಿಲ್ಲ, ಕೂಗಿಲ್ಲ. ತುಟಿ ನೀಲಿಗಟ್ಟಿತು. ಅಯ್ಯೋ ಶಿವನೇ, ಉಸಿರು ಕಟ್ಟುವಾಗ ಸದ್ದೇ ಬರಲ್ಲ ಅಂತ ನನಗೇನು ಗೊತ್ತು! ನರ್ಸನ್ನು ಕೂಗಿದೆ. ಅತ್ತೆ ನೀರಿನ ಲೋಟ ಹಿಡಿದರು.

"ನೀರು ಹಾಕ್ಬೇಡಿ!" ನರ್ಸ್ ಕುಮಾರಿ ಓಡಿ ಬಂದು, ಅಪ್ಪನನ್ನು ಎಬ್ಬಿಸಿ ಮುಂದಕ್ಕೆ ಬಗ್ಗಿಸಿ, ಭುಜಗಳ ನಡುವೆ ಅಂಗೈಯಿಂದ ಬಲವಾಗಿ ಬಡಿದರು. ಬರಲಿಲ್ಲ. ಮತ್ತೆ ಮತ್ತೆ ಬಡಿದರು. ಮುದ್ದೆ ಹೊರಬಿತ್ತು. ಅಪ್ಪ ಉಸಿರೆಳೆದರು. ಅತ್ತೆ ಲೋಟ ಕೆಳಗಿಟ್ಟು ಅಪ್ಪನ ಕೈ ಹಿಡಿದರು.

"ನನ್ ಕೈಯಾರ ತಮ್ಮನ್ನ ಕೊಂದ್ಬುಡ್ತಿದ್ನಲ್ಲ!"

"ಭಯ ಇನ್ನೂ ಮುಗಿದಿಲ್ಲಮ್ಮ," ಅಂದರು ಕುಮಾರಿ. "ಚೂರು ಶ್ವಾಸಕೋಶಕ್ಕೆ ಇಳಿದಿದ್ರೆ ನ್ಯುಮೋನಿಯಾ ಆಗ್ಬೋದು. ಡಾಕ್ಟರನ್ನ ಕರೆಸ್ತೀನಿ. ಲಕ್ವ ಹೊಡೆದ್ರೆ ಕೆಲವರಿಗೆ ನುಂಗೋ ಶಕ್ತಿನೂ ಹೋಗುತ್ತೆ. ಉಣ್ಣುವಾಗ ಕೆಮ್ಮು, ದನಿ ಗೊರಗೊರ ಅನ್ನೋದು, ಕೆನ್ನೇಲಿ ಅನ್ನ ನಿಲ್ಲೋದು, ಇವೆಲ್ಲ ಅದರ ಗುರುತು."

"ಅಂಗಾರೆ ಬರೀ ಗಂಜೀಲೇ ಜೀವ ನಿಂತದಾ ತಾಯಿ?"

"ನೀರು ಗಂಜಿ ಅಲ್ಲಮ್ಮ ಅದು. ರಾಗಿ, ಬೇಳೆ, ತುಪ್ಪ ಹಾಕಿ ಡಾಕ್ಟರ್ ಹೇಳಿದ ಹದಕ್ಕೆ ಗಟ್ಟಿಯಾಗಿ, ನುಣ್ಣಗೆ ಮಾಡಿರ್ತೀವಿ. ತೂಕಾನೂ ನೋಡ್ತಿರ್ತೀವಿ. ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ ಕೊಡಿ. ನುಂಗಿದ ಮೇಲೇ ಇನ್ನೊಂದು. ಉಂಡ ಮೇಲೆ ಅರ್ಧ ಗಂಟೆ ಮಲಗಿಸ್ಬೇಡಿ."

ಎದೆ ಚೆನ್ನಾಗಿದೆ ಅಂತ ಡಾಕ್ಟರ್ ಹೇಳುವವರೆಗೂ ಅತ್ತೆ ಮಂಚ ಬಿಟ್ಟು ಕದಲಲಿಲ್ಲ. ಈಗ ಬಂದರೆ ಮೊದಲು ಕುಮಾರಿಯನ್ನೇ ಹುಡುಕುತ್ತಾರೆ. ಒಂದೊಂದೇ ಚಮಚ ಕೊಡುತ್ತಾರೆ. ಅಪ್ಪನ ಗಂಟಲು ಆಡುವ ತನಕ ತಾವೂ ಉಸಿರು ಬಿಗಿಹಿಡಿದು ಕೂರುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮವರು ಇಂಥ ಕಡೆ ಇದ್ದರೆ ಊಟ ಒಯ್ಯಲೇಬೇಡಿ ಅಂತ ನಾನು ಹೇಳಲ್ಲ. ಮುಚ್ಚಳ ತೆಗೆಯುವ ಮೊದಲು ನರ್ಸನ್ನು ಕೇಳಿ. ಉಣ್ಣುವಾಗ ಕೆಮ್ಮಿದರೆ ಆಗಲೇ ಹೇಳಿ. ನಮ್ಮಪ್ಪನಿಗೆ ಕುಮಾರಿ ಹತ್ತಿರದಲ್ಲಿದ್ದರು. ನಿಮ್ಮವರ ಉಸಿರು ಕಟ್ಟುವ ಹೊತ್ತಿಗೆ ಪಕ್ಕದಲ್ಲಿ ನೀವೊಬ್ಬರೇ ಇರಬಹುದು.