ಗುಲಾಬಿ ಬಣ್ಣದ ತಿರುಪು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ಇರಲಿ. ಆದರೆ ಸಂಗೀತದ ಮೇಷ್ಟ್ರು ಅದೇ ಕೀಬೋರ್ಡನ್ನು ಮೂರನೇ ಸಲ ವಾಪಸ್ ತಂದು ಮೇಜಿನ ಮೇಲಿಟ್ಟಾಗ ನನಗೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ನಲವತ್ತು ವರ್ಷದಲ್ಲಿ ನಾನು ಹಾಕಿದ ಬೆಸುಗೆ ಬಿಟ್ಟದ್ದಿಲ್ಲ. ಈಗ ಹಾಕಿದ್ದೆಲ್ಲ ಬೂದಿಯಂತೆ ಮಂಕಾಗಿ, ವಾರದೊಳಗೆ ಬಿಟ್ಟುಕೊಳ್ಳುತ್ತಿತ್ತು.

"ವಯಸ್ಸಾಯ್ತಲ್ವಾ ಸಾರ್, ಕೈ ಮೊದಲಿನ ಹಾಗಿರಲ್ಲ," ಅಂದರು ಮೇಷ್ಟ್ರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದರು.

"ಇದೊಂದು ಸಲ ನೋಡ್ತೀನಿ. ಈಗಲೂ ಬಿಟ್ಕೊಂಡ್ರೆ ಅಂಗಡಿ ಮುಚ್ತೀನಿ," ಅಂದೆ. ರಿಪೇರಿ ಅಂಗಡಿಯೆಂದರೆ ನಮ್ಮ ಮನೆಯ ಮುಂದಿನ ಕೋಣೆ. ಒಳಗೆ ಬಟ್ಟೆ ಮಡಚುತ್ತಿದ್ದ ಹೆಂಡತಿಯ ಕೈ ತಟ್ಟನೆ ನಿಂತದ್ದು ಕಂಡಿತು.

ಮಧ್ಯಾಹ್ನದ ಬಿಸಿಲು ಮೇಜಿನವರೆಗೆ ಬಂದಿತ್ತು. ಸೋಲ್ಡರಿಂಗ್ ಐರನ್ನನ್ನು ಸ್ಟ್ಯಾಂಡಿನಲ್ಲಿ ಕಾಯಲು ಬಿಟ್ಟೆ. ರಾಳ ಕರಗುವ ವಾಸನೆ ಬಂದರೆ ಸಾಕು, ನನಗೆ ಜೊಂಪು. ಕಣ್ಣು ಮುಚ್ಚಿದರೆ ಹಳೆಯ ರೇಡಿಯೋ ಕಾರ್ಖಾನೆ: ಕೊನೆಯೇ ಕಾಣದ ಮೇಜು, ನೂರು ಐರನ್ನುಗಳ ನೀಲಿ ಹೊಗೆ, ಹೊಗೆಯೊಳಗೆ ತೇಲುವ ಜಡೆಗಳು. ಪಕ್ಕದ ಸ್ಟೂಲಿನ ಹುಡುಗಿ ನನ್ನ ಕೈಯಿಂದ ಐರನ್ ತೆಗೆದುಕೊಂಡು, ಅದರ ತುದಿಯ ಟಿಪ್ಪಿಗೆ ಸೋಲ್ಡರಿನ ಸೀಸ ಸವರಿ ಸ್ಟ್ಯಾಂಡಿಗೆ ಇಡುತ್ತಾಳೆ. "ಬರಿಮೈಯಲ್ಲಿ ಮಲಗಿಸಿದ್ರೆ ಟಿಪ್ ಕಪ್ಪಾಗುತ್ತೆ," ಅನ್ನುತ್ತಾಳೆ. ಆ ಹುಡುಗಿಯನ್ನೇ ನಾನು ಮದುವೆಯಾದೆ. ಹೋದ ತಿಂಗಳು ಇಂಥದೇ ಜೊಂಪಿನಲ್ಲಿ ಐರನ್ ಕೈಮೇಲೆ ಬಿದ್ದು ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತ್ತು. ಅವಳು ಉಫ್ ಉಫ್ ಎಂದು ಊದಿದ್ದಳು.

ಎಚ್ಚರಾದವನು ಹಠ ಹಿಡಿದು ಒಂದೊಂದಾಗಿ ನೋಡಿದೆ. ಟಿಪ್ ಒರೆಸಿದರೆ ಫಳಫಳ ಹೊಳೆಯಿತು, ಅದರ ತಪ್ಪಲ್ಲ. ಐರನ್ ಆರಿಸಿ, ತಣ್ಣಗಾದ ಮೇಲೆ ಟಿಪ್ ಬಿಚ್ಚಿ, ಒಳಗೆ ಕೂತಿದ್ದ ಕರಿಯ ಪುಡಿ ಕೊಡವಿ ಬಿಗಿಯಾಗಿ ಕೂರಿಸಿದೆ. ಮತ್ತೆ ಕಾಯಿಸಿದೆ. ಐರನ್ನಿನ ಶಾಖ ಹಿಡಿತದಲ್ಲಿಡುವ ಪೆಟ್ಟಿಗೆಯ ಪರದೆ ಮುನ್ನೂರೈವತ್ತು ಡಿಗ್ರಿ ಅಂದಿತು. ಟಿಪ್ಪಿಗೇ ಥರ್ಮಾಮೀಟರಿನ ತಂತಿ ತಾಗಿಸಿದರೆ ಇನ್ನೂರ ಮೂವತ್ತು. ಸೋತದ್ದು ನನ್ನ ಕೈಯಲ್ಲ, ಐರನ್ನೇ ಸುಳ್ಳು ಹೇಳುತ್ತಿತ್ತು. ಅಳು ಬರುವಷ್ಟು ಖುಷಿಯಾಯಿತು.

ಶಾಖ ಸರಿಪಡಿಸುವ ತಿರುಪು ಪೆಟ್ಟಿಗೆಯ ಹಿಂದಿದೆ. ಅದು ಅಲುಗದಿರಲೆಂದು ಮೇಲೊಂದು ಕೆಂಪು ಬಣ್ಣದ ಬೊಟ್ಟು ಇರುತ್ತದೆ. ಕನ್ನಡಕ ಏರಿಸಿ ನೋಡಿದೆ. ಕೆಂಪಲ್ಲ, ಗುಲಾಬಿ. ಮೊಮ್ಮಗಳ ಉಗುರುಬಣ್ಣ. ತಿರುಪು ತಿರುಗಿಸಿದ ಮೇಲೆ ಮತ್ತೆ ಬಣ್ಣ ಹಚ್ಚಲೇಬೇಕೆಂಬ ಕಾರ್ಖಾನೆಯ ನಿಯಮ ಈ ಮನೆಯಲ್ಲಿ ಇಬ್ಬರಿಗಷ್ಟೇ ಗೊತ್ತು.

"ಏನೇ ಇದು?" ಎಂದು ಕೂಗಿದೆ.

ಅವಳು ಬಾಗಿಲಲ್ಲಿ ಬಂದು ನಿಂತಳು. "ನಿದ್ದೆಗಣ್ಣಲ್ಲಿ ಸುಟ್ಕೊಳ್ತೀರಿ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಎಷ್ಟು ಹೊತ್ತಂತ ಕಾಯ್ಲಿ?"

"ಇನ್ನೂರ ಮೂವತ್ತೂ ಸುಡುತ್ತೆ ಕಣೆ."

"ಗೊತ್ತು. ಸ್ವಲ್ಪ ಕಮ್ಮಿ ಸುಡ್ಲಿ ಅಂತ." ಸೆರಗಿನ ಅಂಚು ಹಿಂಡಿದಳು. "ಕೆಲಸ ಬಿಡಿ ಅನ್ನೋಕೆ ಬಾಯಿ ಬರ್ಲಿಲ್ಲ. ಬೆಸುಗೆ ಹೇಗೋ ಹಿಡಿಯುತ್ತೆ ಅಂದ್ಕೊಂಡಿದ್ದೆ. ಅಂಗಡಿ ಮುಚ್ತೀನಿ ಅಂದ್ರಲ್ಲ, ಆಗ್ಲೇ ಹೇಳ್ಬೇಕಿತ್ತು. ಧೈರ್ಯ ಸಾಲ್ಲಿಲ್ಲ ರೀ."

"ನನ್ನ ಕೈ ಹೋಯ್ತು ಅಂತ ಒಂದು ತಿಂಗಳಿಂದ ಒಳಗೊಳಗೇ ಸತ್ತಿದ್ದೀನಲ್ಲೇ," ಅಂದೆ. ಬೈಯಲು ಹೊರಟವನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

ತಿರುಪನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸಿ, ಪರದೆಯೂ ಥರ್ಮಾಮೀಟರೂ ಒಂದೇ ಮಾತು ಹೇಳುವಂತೆ ಮಾಡಿದೆ. ಅವಳೇ ಉಗುರುಬಣ್ಣ ತಂದು ಬೊಟ್ಟಿಟ್ಟಳು. ಆಮೇಲೆ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕುಳಿತಳು. ಮೊದಲ ಬೆಸುಗೆ ನೀರಹನಿಯಂತೆ ಹೊಳೆಯಿತು. ಎರಡನೆಯದೂ ಹೊಳೆಯಿತು. ಬಿಸಿಲು ಬೆಚ್ಚಗಿತ್ತು. ನೀಲಿ ಹೊಗೆ, ಉದ್ದನೆಯ ಮೇಜು, ಜಡೆಗಳು.

ಕಣ್ಣು ಬಿಟ್ಟಾಗ ಬಿಸಿಲು ಗೋಡೆ ಹತ್ತಿತ್ತು. ಐರನ್ ಆರಿತ್ತು. ಕೀಬೋರ್ಡಿನ ಉಳಿದ ಬೆಸುಗೆಗಳೆಲ್ಲ ಮುಗಿದು ಸಾಲಾಗಿ ಮಿನುಗುತ್ತಿದ್ದವು. ನನ್ನ ಕನ್ನಡಕ ಹಾಕಿಕೊಂಡು ಅವಳು ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಅವಳ ಹೆಬ್ಬೆರಳ ಮೇಲೆ ಹೊಸ ಬೊಬ್ಬೆ. ನನ್ನ ಕೈಯಿಂದ ಜಾರಿದ ಐರನ್ನನ್ನು ಹಿಡಿದಿರಬೇಕು, ಅದೂ ಪೂರಾ ಮುನ್ನೂರೈವತ್ತರಲ್ಲಿ.

ನಾನು ಬಗ್ಗಿ ಉಫ್ ಉಫ್ ಎಂದು ಊದಿದೆ.

"ಟಿಪ್ಪಿಗೆ ಸೋಲ್ಡರ್ ಸವರಿದ್ದೀನಿ," ಅಂದಳು ನಿದ್ದೆಯಲ್ಲೇ.