ಗಂಟೆ ಹೊಡೆದ ಮೇಲೂ

ಡ್ರಿಟಾ ನನ್ನ ಮೀನಂಗಡಿಗೆ ಮೊದಲ ಸಲ ಬಂದಾಗ ಕಾಡ್ ಮೀನು ಕೇಳಿದಳು. "ಇದೇ ನಿನ್ನ ಕೊನೇ ಉತ್ತರಾನಾ?" ಎಂದೆ. ಟಿ.ವಿ. ಕ್ವಿಜ್‌ನಿಂದ ಬೀದಿಗಿಳಿದ ಮಾತು ಅದು; ಯಾರ್ಕ್‌ಷೈರ್‌ನ ನಮ್ಮೂರಲ್ಲಿ ಟೀಗೆ ಸಕ್ಕರೆ ಬೇಡ ಎಂದವರನ್ನೂ ಹಾಗೇ ಕೇಳುತ್ತೇವೆ. ಕೊಸೊವೊದಿಂದ ಆಗಷ್ಟೇ ಬಂದವಳಿಗೆ ಇದೆಲ್ಲ ಏನು ಗೊತ್ತು? ತಪ್ಪು ಹೇಳಿದೆನೆಂದು ಮುಖ ಕೆಂಪಾಗಿ, ಹ್ಯಾಡಕ್ ಮೀನು ಕೊಡಿ ಎಂದಳು. ಹ್ಯಾಡಕ್ ಅವಳಿಗೆ ಸೇರುವುದೇ ಇಲ್ಲವಂತೆ.

ಸಾಲಿನಲ್ಲಿದ್ದವರೆಲ್ಲ ನಕ್ಕರು, ಅವಳ ಪಕ್ಕದ ಮನೆಯ ವಿಲ್ಫ್ ಮುದುಕನೊಬ್ಬನನ್ನು ಬಿಟ್ಟು. ಅಂದಿನಿಂದ ಸಂಜೆ ಸಂಜೆ ಅವಳನ್ನು ತನ್ನ ಟಿ.ವಿ. ಮುಂದೆ ಕೂರಿಸಿಕೊಂಡು ಪಾಠ ಶುರುಮಾಡಿದ.

"ಹಾಗೆ ಕೇಳೋದು ತಪ್ಪು ಹಿಡಿಯೋಕಲ್ಲ ಕಣಮ್ಮ, ನಿನ್ನ ಗಟ್ಟಿತನ ನೋಡೋಕೆ," ಎನ್ನುತ್ತಿದ್ದ. "ಇನ್ನೊಂದು ಕ್ವಿಜ್‌ನಲ್ಲಿ ಪ್ರಶ್ನೆ ಅರ್ಧದಲ್ಲಿದ್ದಾಗ ಟೈಮ್ ಮುಗಿದು ಗಂಟೆ ಹೊಡೀತು ಅಂದ್ಕೋ. ಕೇಳೋನು ಏನಂತಾನೆ? 'ಶುರು ಮಾಡಿದೀನಿ, ಮುಗಿಸ್ತೀನಿ.' ಆಮೇಲೆ ಅವನನ್ನ ಯಾರೂ ತಡೆಯಂಗಿಲ್ಲ."

ಕೆಲವು ವರ್ಷಗಳಲ್ಲಿ ವಿಲ್ಫ್‌ನ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್‌ಗೆ ಹೋಗಲು ಅವನಿಗಿದ್ದದ್ದು ಆಸ್ಪತ್ರೆಯ ಬಸ್ಸೊಂದೇ. ಅದನ್ನೇ ನಿಲ್ಲಿಸಲು ಹೊರಟರು ನಮ್ಮ ಕೌನ್ಸಿಲ್‌ನವರು. ನನಗೆ ಮೈಯೆಲ್ಲ ಉರಿದುಹೋಯಿತು.

ಕೌನ್ಸಿಲ್ ಸಭೆಯಲ್ಲಿ ಊರವರು ಮಾತಾಡಲು ಒಬ್ಬೊಬ್ಬರಿಗೆ ಮೂರೇ ನಿಮಿಷ. ಅಧ್ಯಕ್ಷರ ಕೈಯಲ್ಲಿ ಗಂಟೆ. ಬಾಯಿಬಡುಕಿ ಎನಿಸಿಕೊಂಡ ನಾನೇ ಗಂಟೆ ಹೊಡೆದ ಕೂಡಲೇ ತೆಪ್ಪಗೆ ಕುಳಿತೆ. ಡ್ರಿಟಾ ತಡವರಿಸುತ್ತ ವಿಲ್ಫ್‌ನ ಹೆಸರಿಗೆ ಬರುವಷ್ಟರಲ್ಲೇ ಗಂಟೆ ಹೊಡೆಯಿತು.

"ಸಮಯ ಆಯ್ತು, ಕೂತ್ಕೊಳಿ," ಎಂದರು ಅಧ್ಯಕ್ಷರು.

"ಶುರು ಮಾಡಿದೀನಿ, ಮುಗಿಸ್ತೀನಿ," ಎಂದಳು ಡ್ರಿಟಾ.

ಸಭೆ ಗೊಳ್ಳೆಂದು ನಕ್ಕಿತು, ಚಪ್ಪಾಳೆ ತಟ್ಟಿತು. ನಮ್ಮ ದೇಶದಲ್ಲಿ ಆ ಮಾತಿಗೆ ಅಡ್ಡ ಬಂದವನು ಜನ್ಮವಿಡೀ ನಗೆಪಾಟಲಾಗುತ್ತಾನೆ. ಅಧ್ಯಕ್ಷರೂ ಅದೇ ಟಿ.ವಿ. ನೋಡಿ ಬೆಳೆದವರು. ಗಂಟೆ ಕೆಳಗಿಟ್ಟರು.

"ರಕ್ತ ಶುದ್ಧಿ ಮಾಡಿಸದಿದ್ರೆ ವಿಲ್ಫ್ ಬಹಳ ದಿನ ಉಳಿಯಲ್ಲ," ಎಂದಳು. "ನಾನು ಹಗಲೆಲ್ಲ ಲಾಂಡ್ರಿಯಲ್ಲಿರ್ತೀನಿ, ಕಾರೂ ಇಲ್ಲ. ಬಸ್ ನಿಲ್ಸಿದ್ರೆ ಅವರು ಸಾಯ್ತಾರೆ. ಮುಗೀತು."

ಅಧ್ಯಕ್ಷರು ಲೆಕ್ಕದ ಹಾಳೆ ಮುಂದಕ್ಕೆಳೆದುಕೊಂಡರು. "ಬೇಜಾರಾಗತ್ತೆ. ಆದ್ರೆ ಹಣ ಇಲ್ಲ. ಬಸ್ ನಿಲ್ಲುತ್ತೆ."

ಡ್ರಿಟಾ ಕೂರಲಿಲ್ಲ.

"ಇದೇ ನಿಮ್ಮ ಕೊನೇ ಉತ್ತರಾನಾ?"

ಈ ಸಲ ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕುಳಿತಿದ್ದ ವಿಲ್ಫ್‌ನನ್ನು ಅಧ್ಯಕ್ಷರು ನೋಡಿದರು. ಅವರ ಮುಖ ಕೆಂಪಾಯಿತು. ಅಂಥ ಕೆಂಪು ಮುಖವನ್ನು ನಾನು ಹಿಂದೊಮ್ಮೆ ನನ್ನ ಅಂಗಡಿಯಲ್ಲೇ ನೋಡಿದ್ದೆ.

"ಅಲ್ಲ," ಎಂದರು. ವಿಷಯವನ್ನು ಮತಕ್ಕೆ ಹಾಕಿ ಸದಸ್ಯರ ಕೈ ಎತ್ತಿಸಿದರು. ಬಸ್ ಉಳಿಯಿತು.