ಎ.ಸಿ. ಕೋಣೆಯ ಬಾಣಂತನ

ರಿಪೇರಿಗೆ ಬಂದ ಮೆಕ್ಯಾನಿಕ್ ಮೌನೇಶ್ ಸ್ಟೂಲಿನ ಮೇಲೆ ನಿಂತು ಎ.ಸಿ.ಯ ಮುಚ್ಚಳ ಬಿಚ್ಚಿದ್ದೇ ತಡ, ಒಳಗಿನಿಂದ ಕರ್ರನೆಯ ಜಿಡ್ಡಿನ ಹಕ್ಕಳೆಯೊಂದು ಕಳಚಿ ಅವನ ಅಂಗಿಯ ಮೇಲೆ ಬಿತ್ತು. ಅವನು ಅದನ್ನು ಬೆರಳಿನಿಂದ ತಿಕ್ಕಿ ನೋಡಿದ, ಮೂಸಿ ನೋಡಿದ, ಆಮೇಲೆ ಕೆಳಗೆ ನಿಂತಿದ್ದ ನೀಲಗಂಗಮ್ಮನ ಮುಖ ನೋಡಿದ.

"ಏನ್ರಿ ಅಮ್ಮಾರ, ಇದರ ಮುಂದ ದಿನಾ ಹೋಮ ಮಾಡ್ತೀರೇನು?"

ನೀಲಗಂಗಮ್ಮ ಮಾಡುತ್ತಿದ್ದದ್ದು ಹೋಮವಲ್ಲ, ಆದರೆ ಹೋಮಕ್ಕಿಂತ ಕಡಿಮೆಯೂ ಅಲ್ಲ. ಕೂಸಿಗೆ ಎರೆದಾದ ಮೇಲೆ ಒಂದು ಹೊಗೆ, ಸಂಜೆಗೆ ಇನ್ನೊಂದು. ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಎಲ್ಲವೂ ಕೆಂಡದ ಮೇಲೆ. ಅದು ಸಾಲದೆಂದು ಬಾಣಂತಿ ಮಲಗುವ ಹೊರಸಿನ ಕೆಳಗೆ ಹೊತ್ತು ಹೊತ್ತಿಗೆ ಕೆಂಡ ತುಂಬಿದ ಶೇಗಡಿ. ಗೋಡೆಯ ಮೇಲೆ ಎ.ಸಿ. ತಣ್ಣಗೆ ಊದುತ್ತಿದ್ದರೆ, ಕೆಳಗೆ ಕೆಂಡ ಮಗಳ ಸೊಂಟ ಕಾಯಿಸುತ್ತಿತ್ತು. ಮೇಲಿನದು ಬೀಗರ ಮರ್ಯಾದೆಗೆ, ಕೆಳಗಿನದು ತನ್ನ ಮರ್ಯಾದೆಗೆ. ಎರಡೂ ಒಂದೇ ಕೋಣೆಯಲ್ಲಿ ಬಾಳ್ವೆ ಮಾಡಲಿ ಎಂದು ಆಕೆ ಆಸೆಪಟ್ಟದ್ದರಲ್ಲಿ ಅಂಥ ತಪ್ಪೇನಿತ್ತು?

ಸಂಡೂರಿನಲ್ಲಿ ಮನೆಗೆ ಎ.ಸಿ. ಹಾಕಿಸಿದರೆ ಜನ ನಗುತ್ತಾರೆ. ಹೊಸಪೇಟೆ ಕಾದ ಹೆಂಚಾಗುವ ದಿನಗಳಲ್ಲೂ ಇಲ್ಲಿ ಹೊತ್ತು ಮುಳುಗಿದರೆ ಗುಡ್ಡದ ಗಾಳಿ ಇಳಿದು ಬರುತ್ತದೆ, ಬೆಳಗಿನ ಜಾವಕ್ಕೆ ಹೊದಿಕೆ ಎಳೆದುಕೊಳ್ಳಬೇಕಾಗುತ್ತದೆ. ನೀಲಗಂಗಮ್ಮ ಹಾಕಿಸಿದಾಗಲೂ ಓಣಿಯವರು "ರೊಟ್ಟಿ ನೀಲಗಂಗಮ್ಮಗ ಸೆಕಿ ಶುರುವಾತು" ಎಂದು ಬಾಯಿತುಂಬ ಆಡಿಕೊಂಡರು. ಅರ್ಧ ಆಯುಷ್ಯ ಒಲೆಯ ಮುಂದೆ ಕಳೆದು, ಇವತ್ತು ನಾಲ್ಕು ಹೆಂಗಸರನ್ನಿಟ್ಟುಕೊಂಡು ಊರಿನ ಖಾನಾವಳಿಗಳಿಗೆಲ್ಲ ಜೋಳದ ರೊಟ್ಟಿ ಕಳಿಸುವವಳಿಗೆ ಸೆಕೆಯ ಹೆದರಿಕೆಯೇ? ಎ.ಸಿ. ಬಂದದ್ದು ಮಗಳು ಅಂಜಲಿಯ ಅತ್ತೆ, ಬೀಗಿತ್ತಿ ಚೆನ್ನಬಸಮ್ಮನ ಒಂದು ಫೋನಿನಿಂದ.

"ಅಂಜಲಿಗೆ ನಮ್ಮ ಮನ್ಯಾಗ ಎ.ಸಿ. ರೂಢಿ ಆಗೇತ್ರಿ. ಬ್ಯಾಸಗ್ಯಾಗ ಹೆರಿಗಿ. ಬಾಣಂತನ ಇಲ್ಲೇ ಟಿ.ಬಿ. ಡ್ಯಾಂ ಕಾಲನ್ಯಾಗ ಆಗ್ಲಿ ಬಿಡ್ರಿ, ನಿಮಗ್ಯಾಕ ತ್ರಾಸ."

ಚೊಚ್ಚಲ ಬಾಣಂತನ ತವರಿನದು. ಅದನ್ನು ಬಿಟ್ಟುಕೊಟ್ಟವಳನ್ನು ತಾಯಿ ಎಂದು ಯಾರು ಕರೆದಾರು! ನೀಲಗಂಗಮ್ಮ ಮರುದಿನವೇ ಹೊಸಪೇಟೆಗೆ ಹೋಗಿ ಬಳಸಿದ ಎ.ಸಿ.ಯೊಂದನ್ನು ಕೊಂಡು ತಂದಳು. ಬೀಗಿತ್ತಿಗೆ ಅದರ ಫೋಟೋ ಹೋಯಿತು. ಮಗಳು ಬಂದಳು, ಹೆಣ್ಣುಕೂಸು ಹುಟ್ಟಿತು, ಎಲ್ಲವೂ ಚೆನ್ನಾಗಿತ್ತು. ಈಗ ಎ.ಸಿ. ಉಸಿರು ನಿಲ್ಲಿಸಿತ್ತು, ಮತ್ತು ಚೆನ್ನಬಸಮ್ಮ ಕೂಸು ನೋಡಲು ಇವತ್ತೇ ಬರುವವಳಿದ್ದಳು.

"ಕಾಯಿಲ್ ಪೂರಾ ಕಟ್ಟೇತಿ, ಕಂಪ್ರೆಸರೂ ಹೋಗೇತಿ," ಮೌನೇಶ್ ಕೆಳಗಿಳಿದು ಕೈ ಒರೆಸಿಕೊಂಡ. "ಗ್ಯಾಸ್ ಬ್ಯಾರೆ ತುಂಬಬೇಕು. ನಿಮ್ಮೂರಾಗ ಎ.ಸಿ. ಇದ್ದವರ ಕಮ್ಮಿ, ಸಾಮಾನೆಲ್ಲ ನಾ ಹೊಸಪೇಟಿಂದ ಹೊತ್ತುಕೊಂಡು ಬರಬೇಕು. ಎಲ್ಲಾ ಹಿಡಿದು ಹದಿನಾಲ್ಕು ಸಾವಿರ ಆಗತೈತ್ರಿ."

"ಅಷ್ಟಕ್ಕ ಇನ್ನೊಂದ ಬರತೈತಲ್ಲೋ ತಮ್ಮಾ!"

"ಬರತೈತಿ. ಅದೂ ಹಿಂಗ ಸಾಯತೈತಿ. ರಿಪೇರಿ ಆತಂದ ಮ್ಯಾಲ ಈ ಕೋಣ್ಯಾಗ ಕೆಂಡ, ಹೊಗಿ ಏನೂ ನಡಿಯಂಗಿಲ್ಲ. ಎ.ಸಿ. ಇಟ್ಕೋರಿ, ಇಲ್ಲಾ ಶೇಗಡಿ ಇಟ್ಕೋರಿ."

ಹಣ ಇರಲಿಲ್ಲವೆಂದಲ್ಲ. ಕೊಟ್ಟೇ ಬಿಡುತ್ತಿದ್ದಳು. ಆದರೆ ಕೊಟ್ಟಮೇಲೆ ಆ ಕೋಣೆಯಲ್ಲಿ ತಾನು ಮಾಡುವುದೇನು? ಮಗಳಿಗೆ ಊಟ ಕೊಟ್ಟು, ಬಾಗಿಲು ಮುಚ್ಚಿ, ತಣ್ಣಗೆ ಮಲಗಿಸುವುದಾದರೆ ಟಿ.ಬಿ. ಡ್ಯಾಂನ ಬೀಗರ ಮನೆ ಏನು ಕಡಿಮೆ?

ಆಕೆಯ ಮುಖ ಕಂಡು ಮೌನೇಶನಿಗೆ ಕನಿಕರ ಬಂತೇನೋ, ದನಿ ತಗ್ಗಿಸಿದ. "ಬೀಗ್ರು ಬರಾಕತ್ಯಾರ ಅಂದ್ರಿ. ಒಂದ್ ಕೆಲಸ ಮಾಡ್ತೀನಿ. ಬರೇ ಫ್ಯಾನ್ ತಿರುಗಂಗ ಮಾಡಿ ಕೊಡ್ತೀನಿ. ಲೈಟ್ ಹತ್ತತೈತಿ, ಗಾಳಿ ಬರತೈತಿ. ಒಂದ್ ತಾಸು ಕುಂತು ಹೋಗೋರಿಗೆ ಗೊತ್ತಾಗಂಗಿಲ್ಲ."

ನೀಲಗಂಗಮ್ಮ ಗೋಡೆಯ ಪೆಟ್ಟಿಗೆಯನ್ನು ನೋಡಿದಳು. ಒಂದು ಗಳಿಗೆ ಮನಸ್ಸು ಜಾರಿದ್ದು ಸುಳ್ಳಲ್ಲ. ಆಮೇಲೆ ಸೆರಗು ಸೊಂಟಕ್ಕೆ ಬಿಗಿದಳು.

"ಬ್ಯಾಡಪ್ಪ. ಸುಟ್ಟ ಮಗ್ಗಲ ಕೆಳಗ ಮಾಡಿ ಒಂದ್ ರೊಟ್ಟಿ ಮಾರಿದವಳಲ್ಲ ನಾನು. ಮುಚ್ಚಳ ಹಾಕು, ಬಂದ ಖರ್ಚು ತಗೊಂಡು ಹೋಗು."

ಮೌನೇಶ್ ಬೈಕ್ ಹತ್ತಿ ಹೋದ. ನೀಲಗಂಗಮ್ಮ ಪಡಸಾಲೆಯಿಂದ ಮಗಳನ್ನೂ ಕೂಸನ್ನೂ ಮತ್ತೆ ಕೋಣೆಗೆ ಕರೆತಂದು ಹೊರಸಿನ ಮೇಲೆ ಕೂರಿಸಿದಳು, ಗುಡ್ಡದ ಕಡೆಯ ಕಿಟಕಿ ತೆರೆದಳು, ಮಗಳ ಕಿವಿಗೆ ಬಟ್ಟೆ ಬಿಗಿದು ಕಟ್ಟಿದಳು. ಮೌನೇಶ್ ಆಡಿದ ಮಾತೆಲ್ಲ ಅಂಜಲಿಗೆ ಪಡಸಾಲೆಯಲ್ಲೇ ಕೇಳಿಸಿತ್ತು.

ಮಧ್ಯಾಹ್ನ ಚೆನ್ನಬಸಮ್ಮನ ಕಾರು ಬಂತು. ಆಕೆ ಇಳಿಯುತ್ತಲೇ ಡ್ರೈವರನಿಗೆ "ಬಂದ್ ಮಾಡಬ್ಯಾಡ, ಒಳಗ ತಂಪ ಇರ್ಲಿ" ಎಂದದ್ದು ಕೋಣೆಯವರೆಗೂ ಕೇಳಿಸಿತು. ಅಂದರೆ ನೋಡಲು ಮಾತ್ರ ಬಂದದ್ದಲ್ಲ, ಕರೆದೊಯ್ಯಲೂ. ನೀಲಗಂಗಮ್ಮ ಬಾಗಿಲಿಗೆ ಹೋಗಿ ನೀರು ಕೊಟ್ಟಳು.

"ಬರ್ರಿ ಬೀಗ್ತಿ, ಕುಂದ್ರಿ. ಮೊದಲ ಒಂದ್ ಮಾತ ಹೇಳಿಬಿಡ್ತೀನಿ. ಎ.ಸಿ. ಕೆಟ್ಟೇತಿ. ನನ್ನ ಕೆಂಡ, ನನ್ನ ಲೋಬಾನದ ಹೊಗೀನ ಅದನ್ನ ಕೆಡಿಸ್ಯಾವ. ರಿಪೇರಿ ಮಾಡಿಸಾಕ ತಾಕತ್ತೈತಿ, ಆದ್ರ ಮಾಡ್ಸಂಗಿಲ್ಲ. ಮಾಡಿಸಿದ್ರ ನನ್ನ ಮಗಳ ಬಾಣಂತನ ನನ್ನ ಕೈಯಾಗ ಇರಂಗಿಲ್ಲ."

ಚೆನ್ನಬಸಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕೋಣೆಗೆ ಬಂದಳು. ಗೋಡೆಯ ಎ.ಸಿ., ಸುತ್ತ ಮಸಿ ಹಿಡಿದ ಸುಣ್ಣ, ಹೊರಸಿನ ಕೆಳಗಿನ ಶೇಗಡಿ, ಒಂದೊಂದನ್ನೂ ನೋಡಿದಳು. ಆಕೆ ಕೆಟ್ಟವಳಲ್ಲ, ತನ್ನ ಮಾತೇ ನಡೆಯಬೇಕೆನ್ನುವವಳು ಅಷ್ಟೆ.

"ಆತ್ ಬಿಡ್ರಿ, ಯಾರದೂ ತಪ್ಪಲ್ಲ. ಅಂಜಲಿ, ಬಟ್ಟಿ ತುಂಬ್ಕೋ. ಹೊರಗ ಕಾರು ತಂಪ ಮಾಡಿಸಿ ನಿಲ್ಲಿಸೀನಿ, ಕೂಸಿಗೆ ಬಿಸಲು ತಾಗಂಗಿಲ್ಲ."

ಮಗಳನ್ನು ಕರೆದೊಯ್ಯಬೇಡಿ ಎಂದು ಕೈಮುಗಿಯುವುದು ನೀಲಗಂಗಮ್ಮನಿಂದ ಆಗದ ಮಾತು. ನೀನೇ ಹೇಳು ಎಂದು ಮಗಳನ್ನು ಕೇಳುವುದೂ ಆಗದು. ಅಂಜಲಿ ಡ್ಯಾಂನ ಕಾಲುವೆ ಕಚೇರಿಯಲ್ಲಿ ಕೆಲಸ ಮಾಡುವವಳು, ಓದಿದವಳು, ಎ.ಸಿ.ಯ ತಂಪು ರೂಢಿಯಾದವಳು. ಹೋಗುತ್ತೇನೆಂದರೆ ತಡೆಯುವ ಹಕ್ಕು ಯಾರಿಗಿದೆ?

ಅಂಜಲಿ ಕೂಸನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸಿದಳು. ಎದ್ದು ನಿಲ್ಲುತ್ತಾಳೆಂದು ಇಬ್ಬರೂ ಅಂದುಕೊಂಡರು. ಅವಳು ಕಾಲು ಮೇಲಕ್ಕೆಳೆದುಕೊಂಡು ಹೊರಸಿನ ನಡುವಿಗೆ ಸರಿದಳು.

"ಅವ್ವಾ, ಕೆಂಡ ಆರಿ ಬೂದಿ ಆಗ್ಯಾವ. ಇನ್ನಷ್ಟ ಹಾಕು. ಸೊಂಟ ಈಗ ಸ್ವಲ್ಪ ಹಗುರಾಗೇತಿ," ಎಂದವಳು ಅತ್ತೆಯ ಕಡೆ ತಿರುಗಿದಳು. "ಅತ್ತೇರ, ನೀವೂ ಒಂದೀಟು ಕುಂದ್ರಿ. ಈ ಕಿಟಕಿ ಗಾಳಿ ಭಾಳ ಚಲೋ ಐತಿ."

ನೀಲಗಂಗಮ್ಮ ಕಣ್ಣು ತುಂಬಿದ್ದು ಬೀಗಿತ್ತಿಗೆ ಕಾಣಬಾರದೆಂದು ಬಗ್ಗಿ ಶೇಗಡಿ ಎಳೆದುಕೊಂಡು ಅಡುಗೆಮನೆಗೆ ನಡೆದಳು. ಒಲೆಯಿಂದ ಕೆಂಪು ಕೆಂಡ ಆಯ್ದು ತುಂಬಿದಳು.

ಹಿಂದಿರುಗಿದಾಗ ಚೆನ್ನಬಸಮ್ಮ ಹೊರಸಿನ ಅಂಚಿಗೆ ಕುಳಿತು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಎಣ್ಣೆ ತಿಕ್ಕಿಸಿಕೊಂಡು ಗುಂಡಗಾದ ಅದರ ಕಾಲುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅಂಗಳದಲ್ಲಿ ಹೆಂಗಸರು ರೊಟ್ಟಿ ಬಡಿಯುವ ಸದ್ದು ಕಾರಿನ ಗುರ್‌ಗುಟ್ಟುವಿಕೆಯಲ್ಲಿ ಅಡಗಿಹೋಗಿತ್ತು.

ಸ್ವಲ್ಪ ಹೊತ್ತಾದ ಮೇಲೆ ಚೆನ್ನಬಸಮ್ಮ ಕೂಸನ್ನು ತಾಯಿಯ ಮಡಿಲಿಗೆ ಕೊಟ್ಟು, ಎದ್ದು ಬಾಗಿಲಿಗೆ ಹೋದಳು.

"ಗಾಡಿ ಬಂದ್ ಮಾಡಿ ನೆಳ್ಳಿಗೆ ನಿಲ್ಲಿಸಪಾ. ನೀನೂ ಕೈಕಾಲು ತೊಳ್ಕೊಂಡು ಬಾ, ಊಟ ಮಾಡೋಣು."